ನೆರವು ಕೊಟ್ಟರೆ ವಲಸೆ ನಿಲ್ಲುತ್ತದಾ?

ಪ್ರಶ್ನೆ: ಕದ್ದು ಗಡಿ ದಾಟುವವರನ್ನು ತಡೆಯಲು ಅಮೆರಿಕ ಗೋಡೆ ಕಟ್ಟುತ್ತದೆ, ಹಿಡಿದು ವಾಪಸ್ ಕಳಿಸುತ್ತದೆ. ಅದರ ಬದಲು ಆ ಬಡ ದೇಶಗಳಿಗೇ ದುಡ್ಡು ಕೊಟ್ಟು, ಅಲ್ಲೇ ಕೆಲಸ ಸಿಗುವ ಹಾಗೆ ಮಾಡಿದರೆ ಯಾರೂ ಊರು ಬಿಡುವುದಿಲ್ಲ ಅಲ್ವಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಇದನ್ನು ಮಾಡಿ ನೋಡಿದ್ದಾರೆ. ಮೆಕ್ಸಿಕೋದ ಕೆಳಗೆ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಅಂತ ಮೂರು ಚಿಕ್ಕ ದೇಶಗಳಿವೆ. 2014ರಲ್ಲಿ ಅಲ್ಲಿಂದ ಸಾವಿರಾರು ಮಕ್ಕಳು ಅಪ್ಪ ಅಮ್ಮ ಯಾರೂ ಜೊತೆಗಿಲ್ಲದೆ ಅಮೆರಿಕದ ಗಡಿಗೆ ಬಂದು ನಿಂತರು. ಅದನ್ನು ನೋಡಿ ಬೆಚ್ಚಿದ ಅಮೆರಿಕ, 2016ರ ಬಜೆಟ್‌ನಲ್ಲಿ ಈ ಭಾಗಕ್ಕೆ ಸುಮಾರು 75 ಕೋಟಿ ಡಾಲರ್ ಇಟ್ಟಿತು. 2019ರ ಮಾರ್ಚ್‌ನಲ್ಲಿ ಟ್ರಂಪ್ ಅದನ್ನು ನಿಲ್ಲಿಸಿದರು. 2021ರಲ್ಲಿ ಬೈಡನ್ ಬಂದು ನಾಲ್ಕು ವರ್ಷಕ್ಕೆ 400 ಕೋಟಿ ಡಾಲರ್ ಅಂದರು, ಆ ಜವಾಬ್ದಾರಿ ಕಮಲಾ ಹ್ಯಾರಿಸ್ ಹೆಗಲಿಗೆ ಬಿತ್ತು. 2025ರಲ್ಲಿ ಮತ್ತೆ ಬಂದ ಟ್ರಂಪ್, ನೆರವು ಹಂಚುವ ಯುಎಸ್‌ಏಡ್ ಸಂಸ್ಥೆಯನ್ನೇ ಮುಚ್ಚಿದರು. ಒಂದು ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು ಅಂತ ನಿಮಗೇ ಗೊತ್ತು. ಹೀಗೆ ಕೊಟ್ಟು, ಕಿತ್ತುಕೊಂಡು, ಮತ್ತೆ ಕೊಟ್ಟರೆ ಯಾವ ಗಿಡ ತಾನೇ ಏಳುತ್ತದೆ?

ಕಾಫಿಯ ಮಾತು ಸುಮ್ನೆ ತೆಗೆಯಲಿಲ್ಲ. 2012-13ರಲ್ಲಿ ಅಲ್ಲಿನ ಅರೇಬಿಕಾ ತೋಟಗಳಿಗೆ ಎಲೆ ತುಕ್ಕು ರೋಗ ಬಂತು. ಎಲೆಯ ಹಿಂಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಬೆಳೆಗಾರನ ಎದೆ ಹೇಗೆ ಧಸಕ್ ಅನ್ನುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅಲ್ಲಿ ತೋಟಗಳು ಚಿಕ್ಕವು, ಕಾಫಿ ಕುಯ್ಯುವ ಕೂಲಿಯನ್ನೇ ನಂಬಿದ ಮನೆಗಳು ಲೆಕ್ಕವಿಲ್ಲದಷ್ಟು. ಎಲೆ ಉದುರಿತು, ಕೂಲಿ ಹೋಯಿತು. ಮಳೆ ಕೈಕೊಟ್ಟ ಕಡೆ ಮೆಕ್ಕೆಜೋಳ, ಬೀನ್ಸ್ ಒಣಗಿತು. 2020ರ ನವೆಂಬರ್‌ನಲ್ಲಿ ಏಟಾ, ಅಯೋಟಾ ಅಂತ ಎರಡು ಚಂಡಮಾರುತ ಎರಡೇ ವಾರದ ಅಂತರದಲ್ಲಿ ಬಡಿದವು. ಇದರ ಮೇಲೆ ಪ್ರತಿ ವಾರ ಬಂದು ಹಫ್ತಾ ಕೇಳುವ ಗ್ಯಾಂಗುಗಳು, ಕೊಡದಿದ್ದರೆ ಗುಂಡು. ಊರು ಬಿಡುವುದು ಯಾರಿಗೂ ಇಷ್ಟದ ಕೆಲಸವಲ್ಲ.

ಆದರೆ ನಿಮ್ಮ ಪ್ರಶ್ನೆಯ ಕೊನೆಯ ಮಾತನ್ನು ನಾನು ಒಪ್ಪಲಾರೆ. ತೀರಾ ಬಡವರಿಗೆ ಹೋಗಲೂ ದುಡ್ಡಿಲ್ಲ. ದಾಟಿಸುವ ದಲ್ಲಾಳಿಗೆ ಸಾವಿರಾರು ಡಾಲರ್ ಕೊಡಬೇಕು. ಕೈಯಲ್ಲಿ ಸ್ವಲ್ಪ ಕಾಸು ಓಡಾಡಲು ಶುರುವಾದಾಗ, ಮಕ್ಕಳು ನಾಲ್ಕಕ್ಷರ ಕಲಿತಾಗ, ಮೊದಲು ಆಗುವುದು ಹೊರಡುವವರ ಸಂಖ್ಯೆ ಜಾಸ್ತಿಯಾಗುವುದು. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ಲೆಮೆನ್ಸ್ ಹಲವು ದೇಶಗಳ ಲೆಕ್ಕ ಇಟ್ಟುಕೊಂಡು ಇದನ್ನೇ ತೋರಿಸಿದ್ದಾರೆ: ದೇಶದ ತಲಾ ಆದಾಯ, ಅಲ್ಲಲ್ಲಿನ ಬೆಲೆಗಳಿಗೆ ಸರಿಹೊಂದಿಸಿ ನೋಡಿದರೆ, ವರ್ಷಕ್ಕೆ ಸುಮಾರು 10,000 ಡಾಲರ್ ಮುಟ್ಟುವವರೆಗೂ ವಲಸೆ ಏರುತ್ತದೆ, ಆಮೇಲೆ ಇಳಿಯುತ್ತದೆ. ನಮ್ಮ ದೇಶವನ್ನೇ ನೋಡಿ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತಲ್ಲ, ಅವರಲ್ಲಿ ಹೆಚ್ಚಿನವರು ಹರಿಯಾಣ, ಗುಜರಾತ್, ಪಂಜಾಬ್‌ನವರು. ದೇಶದ ಅತಿ ಬಡ ರಾಜ್ಯಗಳಲ್ಲ ಅವು.

ಪ್ರಶ್ನೆ: ಹಾಗಾದರೆ ನೆರವೇ ಬೇಡ ಅಂತೀರಾ?
– ಅದೇ ಓದುಗರು

ಉತ್ತರ: ಖಂಡಿತ ಬೇಕು. ಗ್ವಾಟೆಮಾಲಾದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳು ಹೊಟ್ಟೆಗೆ ಸರಿಯಾಗಿ ಸಿಗದೆ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿಲ್ಲ. ಆ ಮಗುವಿಗೆ ಊಟ ಕೊಡಲು ‘ನಾಳೆ ಇವನು ನಮ್ಮ ಗಡಿಗೆ ಬರಬಾರದು’ ಅನ್ನುವ ಕಾರಣ ಬೇಕಾ? ಗಡಿಯ ಅಂಕಿಗೆ ನೆರವನ್ನು ಕಟ್ಟಿಹಾಕಿದ್ದೇ ತಪ್ಪಾಗಿದೆ. ಅಂಕಿ ಇಳಿಯಲಿಲ್ಲ ಅಂದ ಕೂಡಲೇ ಊಟವನ್ನೂ ನಿಲ್ಲಿಸುತ್ತಾರೆ.

ಇನ್ನೊಂದು ಲೆಕ್ಕ ನೋಡಿ. ಮೂರು ದೇಶಕ್ಕೂ ಸೇರಿ ನಾಲ್ಕು ವರ್ಷಕ್ಕೆ 400 ಕೋಟಿ ಡಾಲರ್ ಅಂದೆ. ಹೊರಗೆ ದುಡಿಯುವ ಗ್ವಾಟೆಮಾಲಾದವರು 2023 ಒಂದೇ ವರ್ಷದಲ್ಲಿ ಮನೆಗೆ ಕಳಿಸಿದ್ದು ಸುಮಾರು 2,000 ಕೋಟಿ ಡಾಲರ್. ಮಾಡು ಹಾಕಿಸುವುದು, ಸ್ಕೂಲ್ ಫೀಸು, ಔಷಧಿ ಎಲ್ಲ ಅದರಲ್ಲೇ ನಡೆಯುತ್ತದೆ. ಅದಕ್ಕೇ ನನಗೆ ಅನ್ನಿಸುವುದು, ನೆರವಿನ ಜೊತೆ ಕಾನೂನಿನ ದಾರಿಯನ್ನೂ ತೆರೆಯಬೇಕು. ಅಮೆರಿಕದಲ್ಲಿ ಎಚ್-2ಎ ಅಂತ ಸುಗ್ಗಿ ಕಾಲದ ಹೊಲಗೆಲಸಕ್ಕೆ ವೀಸಾ ಇದೆ. ಹೋಗಿ ದುಡಿದು ವಾಪಸ್ ಬರಬಹುದು. ಅದರಲ್ಲಿ ಬಹುಪಾಲು ಮೆಕ್ಸಿಕೋದವರಿಗೆ ಹೋಗುತ್ತದೆ, ಈ ಮೂರು ದೇಶದವರ ಪಾಲು ತುಂಬ ಕಡಿಮೆ.

ಪ್ರಶ್ನೆ: ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಕೊಡುವ ಹಾಗೆ ತುಕ್ಕು ತಡೆಯುವ ತಳಿ ಅಲ್ಲಿಲ್ಲವೇ?
– ಇನ್ನೊಬ್ಬರು, ಕೊಪ್ಪ

ಉತ್ತರ: ಇವೆ. ಹೊಂಡುರಾಸ್‌ನಲ್ಲಿ ಲೆಂಪಿರಾ ಅನ್ನುವ ತಳಿಯನ್ನು ನಂಬಿ ತುಂಬ ಜನ ನೆಟ್ಟರು, 2017ರ ಹೊತ್ತಿಗೆ ಅದಕ್ಕೂ ತುಕ್ಕು ಹತ್ತಿತು. ಮತ್ತೆ ಕಿತ್ತು ಬೇರೆ ನೆಡಬೇಕೆಂದರೆ ಮೂರು ನಾಲ್ಕು ವರ್ಷ ಫಸಲಿಲ್ಲ. ಆ ವರ್ಷಗಳಲ್ಲಿ ಮನೆಯ ಒಲೆ ಉರಿಯುವಷ್ಟು ದುಡ್ಡು ತಪ್ಪದೆ ಕೈಸೇರಿದರೆ ಎಷ್ಟೋ ಬೆಳೆಗಾರರು ತೋಟದಲ್ಲೇ ಉಳಿದಾರು.