ಸಂಪಾದಕರ ಉತ್ತರ: ಇಪ್ಪತ್ತಮೂರು ಬೇಡಿಕೆಗಳಲ್ಲಿ ಮೊದಲು ಯಾವುದು?

ಬೆಂಗಳೂರಿನ ಹೋಪ್‌ಫಾರ್ಮ್ ಜಂಕ್ಷನ್ ಹತ್ತಿರದ ಬಡಾವಣೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇಷ್ಟು:

“ನಮ್ಮ ಬಡಾವಣೆ ಸಂಘದವರು ಇಪ್ಪತ್ತಮೂರು ಬೇಡಿಕೆಗಳ ಪಟ್ಟಿ ಮಾಡಿದ್ದಾರೆ. ರಸ್ತೆ ಅಗಲ ಮಾಡಿ, ಫ್ಲೈಓವರ್ ಕಟ್ಟಿ, ಸ್ಕೈವಾಕ್ ಹಾಕಿ, ಗುಂಡಿ ಮುಚ್ಚಿ, ತಳ್ಳುಗಾಡಿ ಎಬ್ಬಿಸಿ, ಹೀಗೆ. ಎಲ್ಲ ಒಂದೇ ಸಲ ಆಗೋದಿಲ್ಲ ಅಂತ ನನಗೂ ಗೊತ್ತು. ನಾನು ದಿನಾ ಮಗನನ್ನು ಸ್ಕೂಲಿಗೆ ಬಿಟ್ಟು, ಅಲ್ಲಿಂದ ಮೆಟ್ರೋಗೆ ನಡೆದು ಹೋಗುವವಳು. ಮೊದಲು ಮೇನ್ ರೋಡಿನ ಉದ್ದಕ್ಕೂ ಫುಟ್‌ಪಾತ್ ಆಗಲಿ, ಅದರ ಮೇಲಿರುವ ತಳ್ಳುಗಾಡಿ ತೆಗೆಸಲಿ ಅಂದೆ. ಅಧ್ಯಕ್ಷರು ನಕ್ಕು, ‘ಮೊದಲು ಟ್ರಾಫಿಕ್ ಕರಗಲಿ ಮೇಡಂ, ಆಮೇಲೆ ನಿಮ್ಮ ವಾಕಿಂಗ್’ ಅಂದರು. ನಾನು ಕೇಳಿದ್ದು ತಪ್ಪಾ?”

ನಮಸ್ಕಾರ ಮೇಡಂ,

ನಿಮ್ಮ ಅಧ್ಯಕ್ಷರು ‘ವಾಕಿಂಗ್’ ಅಂದರಲ್ಲ, ನನಗೆ ಅಲ್ಲೇ ಚುಚ್ಚಿತು. ವಾಕಿಂಗ್ ಅಂದರೆ ಬೆಳಗ್ಗೆ ಬಿಳಿ ಶೂ ಹಾಕಿಕೊಂಡು ಪಾರ್ಕಿಗೆ ನಾಲ್ಕು ಸುತ್ತು ಹೊಡೆಯುವುದು. ಮಗನ ಬ್ಯಾಗು ಹೆಗಲಿಗೆ ಹಾಕಿಕೊಂಡು, ಎಂಟೂವರೆಗೆ ಗೇಟು ಮುಚ್ಚುತ್ತದೆ ಅಂತ ಓಡುವವರನ್ನು ಯಾರೂ ವಾಕಿಂಗ್ ಹೊರಟವರು ಅನ್ನುವುದಿಲ್ಲ. ಕಾರಿನವರು ಕೆಲಸಕ್ಕೆ ಹೋಗುತ್ತಾರೆ, ನಡೆಯುವವರು ಹವಾ ಸೇವನೆಗೆ ಹೋಗುತ್ತಾರೆ ಎಂಬ ಭಾವನೆ ನಮ್ಮ ಎಷ್ಟೋ ಸಂಘಗಳಲ್ಲಿದೆ.

ಪತ್ರ ಓದಿ ಸುಮ್ನೆ ಕೂತು ಉತ್ತರ ಬರೆಯಲು ಮನಸ್ಸಾಗಲಿಲ್ಲ. ಹೋದ ಬುಧವಾರ ನೇರಳೆ ಮಾರ್ಗದ ಮೆಟ್ರೋ ಹತ್ತಿ ನಿಮ್ಮ ಕಡೆ ಬಂದೆ. ಹೋಪ್‌ಫಾರ್ಮ್ ಚನ್ನಸಂದ್ರ ನಿಲ್ದಾಣದಲ್ಲಿ ಇಳಿದಾಗ ಎಂಟೂಕಾಲು. ಸ್ಟೇಷನ್ ಒಳಗೆ ಎಲ್ಲ ನುಣ್ಣಗೆ, ಎಲ್ಲ ಸಮತಟ್ಟು. ಹೊರಗೆ ಬಂದು ಬಡಾವಣೆಗಳ ಕಡೆ ಸ್ವಲ್ಪ ದೂರ ನಡೆದರೆ ಕಾಲಡಿಗೆ ಮೋರಿಯ ಚಪ್ಪಡಿ. ನಮ್ಮ ಹೊರವಲಯದಲ್ಲಿ ಫುಟ್‌ಪಾತ್ ಅಂದರೆ ಬಹುಪಾಲು ಇದೇ ತಾನೆ, ಮೋರಿಯ ಮುಚ್ಚಳ! ಒಂದು ಚಪ್ಪಡಿ ಕಾಲಿಟ್ಟರೆ ಟಕ್ ಅಂತ ಅಲುಗಿತು. ಮುಂದಿನದು ಮುರಿದಿತ್ತು. ಯಾರೂ ಬೀಳದಿರಲಿ ಅಂತ ಯಾರೋ ಪುಣ್ಯಾತ್ಮರು ಅದರ ಬಾಯಿಗೆ ತೆಂಗಿನ ಗರಿ ಸಿಕ್ಕಿಸಿದ್ದರು. ಆಮೇಲೆ ಒಂದು ಟ್ರಾನ್ಸ್‌ಫಾರ್ಮರ್. ಅದನ್ನು ಬಳಸಿ ಬಂದರೆ ಒಂದು ಮನೆಯವರು ಕಾರು ಹತ್ತಿಸಲು ಹಾಕಿಸಿಕೊಂಡ ಸಿಮೆಂಟ್ ಇಳಿಜಾರು. ಹತ್ತಿ ಇಳಿದು ಸಾಕಾಗಿ ನಾನೂ ಎಲ್ಲರ ಹಾಗೆ ರಸ್ತೆಗೇ ಇಳಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಪ್ಪಡಿ ಅಲ್ಲ. ಬಸ್ ಸ್ಟಾಪಿನ ಎದುರು ಡಿವೈಡರ್ ಮೇಲೆ ಕಬ್ಬಿಣದ ಗ್ರಿಲ್ ಇದೆಯಲ್ಲ, ಅದರಲ್ಲಿ ಎರಡು ಸರಳು ಕಿತ್ತಿದ್ದಾರೆ. ಒಬ್ಬರು ಅಡ್ಡಡ್ಡ ತೂರುವಷ್ಟು ಸಂದಿ. ಅಕ್ಕಪಕ್ಕದ ಸರಳುಗಳ ಬಣ್ಣ ಎದೆಯ ಎತ್ತರದಲ್ಲಿ ಉಜ್ಜಿ ಹೋಗಿ ಕಬ್ಬಿಣ ಫಳಫಳ ಅನ್ನುತ್ತಿತ್ತು. ದಾಟುವವರೆಲ್ಲ ಅಲ್ಲೇ ಕೈ ಹಿಡಿಯುತ್ತಾರೆ. ಎಷ್ಟು ಜನ ತೂರುತ್ತಾರೆ ಅಂತ ಎಣಿಸಲು ನಿಂತೆ. ಇನ್ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು. ಒಬ್ಬ ಹೆಂಗಸು ಮೊದಲು ಮಗುವನ್ನು ತೂರಿಸಿ, “ಅಲ್ಲೇ ನಿಂತ್ಕೊ, ಅಲ್ಲಾಡ್ಬೇಡ” ಅಂದು ಆಮೇಲೆ ತಾನು ನುಸುಳಿದಳು. ಆ ಒಂದು ಕ್ಷಣ ಮಗು ಡಿವೈಡರಿನ ಆ ಬದಿಗೆ ಒಂಟಿ. ಪಕ್ಕದಲ್ಲೇ ಟಿಪ್ಪರ್ ಹೋಗುತ್ತಿತ್ತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಸಂದಿಯಲ್ಲೇ ಇದೆ. ಮೊದಲು ಆಗಬೇಕಾದ ಕೆಲಸ ಅದು. ಗ್ರಿಲ್ ರಿಪೇರಿ ಅಲ್ಲ ಮತ್ತೆ! ಅದನ್ನು ಮಾಡಿದರೆ ಮುಂದಿನ ವಾರ ಇನ್ನೆರಡು ಸರಳು ಹೋಗುತ್ತವೆ. ಹಳ್ಳಿಯಲ್ಲಿ ಕಾಲುದಾರಿಗೆ ಯಾರೂ ನಕ್ಷೆ ಬರೆಯುವುದಿಲ್ಲ. ಜನ ನಡೆದು ನಡೆದು ಹುಲ್ಲು ಸವೆದ ಕಡೆ ದಾರಿ ಆಗುತ್ತದೆ. ಇಲ್ಲಿ ಹುಲ್ಲಿನ ಬದಲು ಕಬ್ಬಿಣ ಸವೆದಿದೆ, ಅಷ್ಟೇ. ಅಲ್ಲಿ ಬೇಕಿರುವುದು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದ ಅಗಲವಾದ ಕ್ರಾಸಿಂಗ್. ಟೇಬಲ್ ಟಾಪ್ ಅಂತಾರಲ್ಲ, ಅದು. ಗಾಡಿಯವನು ಹತ್ತಿ ಇಳಿಯಲೇಬೇಕು, ಹಾಗಾಗಿ ವೇಗ ತಾನಾಗೇ ತಗ್ಗುತ್ತದೆ. ವೇಗ ತಗ್ಗುವುದು ಸಣ್ಣ ವಿಷಯ ಅಲ್ಲ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿಗೆ ಕಾರಣವಾಗುವ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಸುಮಾರು ಐದರಲ್ಲಿ ಒಬ್ಬರು.

ಇಲ್ಲಿ ನಿಮ್ಮ ಮಾತಿಗೂ ನನ್ನದೊಂದು ತಕರಾರಿದೆ. ಮೇನ್ ರೋಡಿನ ಉದ್ದಕ್ಕೂ ಫುಟ್‌ಪಾತ್ ಕೇಳಬೇಡಿ, ಈಗಲೇ ಬೇಡ. ‘ಉದ್ದಕ್ಕೂ’ ಅಂದ ತಕ್ಷಣ ಅದು ದೊಡ್ಡ ಎಸ್ಟಿಮೇಟ್ ಆಗುತ್ತದೆ, ದೊಡ್ಡ ಟೆಂಡರ್ ಆಗುತ್ತದೆ. ಜಾಗ ಖಾಲಿ ಇರುವ ಕಡೆ ಚೆಂದದ ಟೈಲ್ಸ್ ಬೀಳುತ್ತದೆ. ಇಕ್ಕಟ್ಟು ಇರುವ ಕಡೆ, ಅಂದರೆ ನಿಜಕ್ಕೂ ಬೇಕಾದ ಕಡೆ, ಕೆಲಸ ನಿಲ್ಲುತ್ತದೆ. ಅದರ ಬದಲು ಮೆಟ್ರೋ, ಸ್ಕೂಲು, ಬಸ್ ಸ್ಟಾಪು ಈ ಮೂರರಿಂದ ಐನೂರು ಮೀಟರ್ ಒಳಗೆ ಬರುವ ದಾರಿ ಮಾತ್ರ ಕೇಳಿ. ಒಂದು ತುಂಡು, ಆದರೆ ಎಲ್ಲೂ ಕಡಿಯದ ತುಂಡು. ನಡೆಯಲು ತೆರವಾಗಿರಬೇಕಾದ ಅಗಲ ಕನಿಷ್ಠ 1.8 ಮೀಟರ್ ಅಂತ, ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಆರು ಅಡಿ. ಅಂಚಿನ ಕಲ್ಲು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಅಂದರೆ ಅರ್ಧ ಅಡಿ. ನಮ್ಮ ಕಡೆ ಎಷ್ಟೋ ಫುಟ್‌ಪಾತ್ ಜಗುಲಿಯಷ್ಟು ಎತ್ತರ. ಮಂಡಿ ನೋವಿನವರು ಹತ್ತಲಿ ಹೇಗೆ?

ಮೂವತ್ತು ಅಡಿ ರಸ್ತೆಯಲ್ಲಿ ಎರಡೂ ಕಡೆ ಆರಾರು ಅಡಿ ಬಿಟ್ಟರೆ ಗಾಡಿಗೆ ಹದಿನೆಂಟೇ ಅಡಿ ಉಳಿಯುತ್ತದೆ, ಸಂಘದಲ್ಲಿ ಜಗಳ ಆಗುತ್ತದೆ. ಅಂಥ ಕಡೆ ಎರಡು ಬದಿಗೂ ಮೂರು ಮೂರು ಅಡಿ ಹಂಚಿ ಇಬ್ಬರನ್ನೂ ಸಮಾಧಾನ ಮಾಡುವ ರೂಢಿ ಇದೆ. ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಒಂದೇ ಬದಿಗೆ ಪೂರ್ತಿ ಆರು ಅಡಿ ಕೊಡಿ, ಸ್ಕೂಲು ಇರುವ ಬದಿಗೆ.

ಸ್ಕೈವಾಕ್ ಬೇಡಿಕೆಯನ್ನು ಪಟ್ಟಿಯಿಂದಲೇ ತೆಗೆಸಿ. ನಗರದ ರಸ್ತೆ ಮೇಲೆ 5.5 ಮೀಟರ್ ಎತ್ತರ ಬಿಡಬೇಕು, ಹದಿನೆಂಟು ಅಡಿ. ಮೆಟ್ಟಿಲಿಗೆ ಆರು ಇಂಚು ಹಿಡಿದರೂ ಮೂವತ್ತಾರು ಮೆಟ್ಟಿಲು ಹತ್ತಿ ಅಷ್ಟೇ ಇಳಿಯಬೇಕು. ತರಕಾರಿ ಚೀಲ ಹಿಡಿದವರು ಹತ್ತುತ್ತಾರಾ? ಲಿಫ್ಟ್ ಇಡುತ್ತಾರೆ, ಸರಿ. ಅದು ಎಷ್ಟು ದಿನ ನಡೆಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ರಸ್ತೆ ಅಗಲದ ವಿಚಾರ. ನಿಮ್ಮ ಅಧ್ಯಕ್ಷರ ಸಂಕಟ ನನಗೆ ಅರ್ಥವಾಗುತ್ತದೆ. ಆ ಜಂಕ್ಷನ್ನಿನಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡವರಿಗೆ ಬೇರೇನೂ ಹೊಳೆಯುವುದಿಲ್ಲ. ಆದರೆ ಆ ರಸ್ತೆಗಳು ಹುಟ್ಟಿದ್ದು ಹೇಗೆ ಅಂತ ನೋಡಿ. ನಿಮ್ಮ ವೈಟ್‌ಫೀಲ್ಡ್ ಶುರುವಾದದ್ದು 1882ರಲ್ಲಿ, ಆಂಗ್ಲೋ ಇಂಡಿಯನ್ನರ ಪುಟ್ಟ ಊರಾಗಿ. ಸುತ್ತ ಹೊಲ, ಕೆರೆ, ಗಾಡಿದಾರಿ. ತೊಂಬತ್ತರ ದಶಕದಲ್ಲಿ ಐಟಿಪಿಎಲ್ ಎಂಬ ದೊಡ್ಡ ಐಟಿ ಪಾರ್ಕ್ ಬಂತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ನಗರಕ್ಕೆ ಸೇರಿ ಬಿಬಿಎಂಪಿ ಆಯಿತು. ನಿಮ್ಮ ಮಹದೇವಪುರ ಆ ಏಳರಲ್ಲಿ ಒಂದು. ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಅಪಾರ್ಟ್‌ಮೆಂಟ್ ಎದ್ದವು, ದಾರಿ ಮಾತ್ರ ಎತ್ತಿನಗಾಡಿಯ ಅಳತೆಯಲ್ಲೇ ಉಳಿಯಿತು. ಅದನ್ನು ಅಗಲ ಮಾಡಬೇಕಾದರೆ ಎರಡೂ ಬದಿಯ ಅಂಗಡಿ ಮನೆಯವರು ಜಾಗ ಬಿಡಬೇಕು. ದುಡ್ಡಿನ ಬದಲು ಟಿಡಿಆರ್, ಅಂದರೆ ಬೇರೆ ಕಡೆ ಹೆಚ್ಚುವರಿ ಕಟ್ಟಲು ಬಳಸಬಹುದಾದ ಅಥವಾ ಮಾರಬಹುದಾದ ಹಕ್ಕುಪತ್ರ, ಕೊಡುತ್ತೇವೆ ಅಂದರೆ ಬಿಡಲು ಎಷ್ಟೋ ಜನ ತಯಾರಿಲ್ಲ. ಆ ಕಾಗದದ ಮೇಲೆ ಅವರಿಗೆ ನಂಬಿಕೆ ಇಲ್ಲ. ಹೀಗೆ ವರ್ಷಗಳು ಉರುಳುತ್ತವೆ. ಫ್ಲೈಓವರ್ ಕಥೆ ಗೊತ್ತೇ ಇದೆ. ಈಜಿಪುರದ್ದು ಶುರುವಾದದ್ದು 2017ರಲ್ಲಿ. ಎರಡೂವರೆ ಕಿಲೋಮೀಟರಿನ ಆ ಸೇತುವೆ 2025 ಬಂದರೂ ಮುಗಿದಿರಲಿಲ್ಲ.

ಹಾಗಂತ ಅಗಲ ಮಾಡುವುದೇ ಬೇಡ ಅನ್ನುತ್ತಿಲ್ಲ. ಕುತ್ತಿಗೆಯಂತೆ ಸಿಕ್ಕಿಕೊಂಡ ಒಂದೆರಡು ಜಾಗ ಇರುತ್ತವೆ, ಅಲ್ಲಿ ಹತ್ತಡಿ ಸಿಕ್ಕರೆ ಎಷ್ಟೋ ವಾಸಿ. ಅದನ್ನು ಕೇಳಿ, ಕೇಳುತ್ತಲೇ ಇರಿ. ಆದರೆ ಅದು ಆಗುವವರೆಗೆ ನಿಮ್ಮ ಮಗ ಸ್ಕೂಲು ಮುಗಿಸಿ ಕಾಲೇಜಿಗೆ ಹೋಗುತ್ತಿರುತ್ತಾನೆ. ಕ್ರಾಸಿಂಗ್ ಮಾತ್ರ ಮನಸ್ಸು ಮಾಡಿದರೆ ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ. ಜಾಗ ಕೊಳ್ಳಬೇಕಾಗಿಲ್ಲ.

ಗುಂಡಿ, ಡಾಂಬರು ವಿಷಯದಲ್ಲಿ ಒಂದೇ ಮಾತು: ಕೆಳಗಿನದು ಮೊದಲು, ಮೇಲಿನದು ಆಮೇಲೆ. ನಮ್ಮ ಬೀದಿಗೆ ಎರಡು ವರ್ಷ ಅರ್ಜಿ ಹಾಕಿದ ಮೇಲೆ ಡಾಂಬರು ಬಂತು. ಸಿಹಿ ಹಂಚಿದೆವು, ನಿಜವಾಗಲೂ, ಮೈಸೂರ್ ಪಾಕ್. ಇಪ್ಪತ್ತನೇ ದಿನ ಇನ್ನೊಂದು ಇಲಾಖೆಯವರು ಬಂದು ನಡುಮಧ್ಯೆ ಸೀಳಿದರು. ಪೈಪು ಹಾಕಿ ಮಣ್ಣು ಮುಚ್ಚಿ ಹೋದರು, ಮೊದಲ ಮಳೆಗೆ ಕುಸಿಯಿತು. ನಿಮ್ಮ ಕಡೆ ಈ ಅಪಾಯ ಇನ್ನೂ ಜಾಸ್ತಿ. ಮುಖ್ಯವಾಗಿ ಆ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು. ಆದರೆ ಬೀದಿ ಬೀದಿಯ ಕೊಳವೆ, ಒಳಚರಂಡಿ, ಮನೆ ಸಂಪರ್ಕದ ಅಗೆತ ಬೇರೆಯೇ ಲೆಕ್ಕ. ಹಾಗಾಗಿ ಪಾಲಿಕೆ ಎಂಜಿನಿಯರ್ ಹತ್ತಿರ ಡಾಂಬರು ಕೇಳುವ ಮೊದಲು, ಈ ಬೀದಿಯಲ್ಲಿ ನೀರು, ಒಳಚರಂಡಿ, ಕರೆಂಟು, ಕೇಬಲ್ ಇನ್ನು ಯಾರಾದರೂ ಅಗೆಯುವವರು ಬಾಕಿ ಇದ್ದಾರಾ ಅಂತ ಕೇಳಿ. ಬರಹದಲ್ಲಿ ಕೇಳಿ.

ತಳ್ಳುಗಾಡಿ ತೆಗೆಸುವ ಬೇಡಿಕೆಗೆ ದಯವಿಟ್ಟು ಸಹಿ ಹಾಕಬೇಡಿ. ಸಂಜೆ ಏಳೂವರೆಗೆ ಮೆಟ್ರೋ ಇಳಿದು ಬರುವಾಗ ಆ ದಾರಿಯಲ್ಲಿ ಬೆಳಕು ಯಾವುದು ಅಂತ ಒಮ್ಮೆ ನೋಡಿ. ಬೀದಿದೀಪ ಉರಿಯದ ದಿನ ಸೊಪ್ಪಿನ ಗಾಡಿಯ ಎಲ್‌ಇಡಿ ಬಲ್ಬೇ ಗತಿ. ಅಲ್ಲಿ ಮಾರುವವರೂ ಇರುತ್ತಾರೆ, ಕೊಳ್ಳುವವರೂ ಇರುತ್ತಾರೆ, ಹಾಗಾಗಿ ಹೆದರಿಕೆ ಆಗುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರಿಗೂ ಜಾಗ ಗುರುತು ಮಾಡಿ ಕೊಡಬೇಕು. ಮರ, ಕಂಬ ನಿಲ್ಲುವ ಸಾಲಿನಲ್ಲೇ ಗಾಡಿಗೂ ಜಾಗ ಬಿಟ್ಟರೆ ನಿಮ್ಮ ಆರು ಅಡಿಗೆ ಯಾರೂ ಬರುವುದಿಲ್ಲ. ಫುಟ್‌ಪಾತ್ ಮೇಲೆ ಬೈಕು ಓಡಿಸುವವರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ನನಗೆ ಅಂದು ಹಿಂದಿನಿಂದ ಹಾರ್ನ್ ಹೊಡೆದದ್ದು ಅವರೇ, ಗಾಡಿಯ ಅಜ್ಜಿ ಅಲ್ಲ.

ಮುಂದಿನ ಸಭೆಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಸ್ಕೂಲು ಇರುವ ಎರಡು ದಿನ, ಬೆಳಗ್ಗೆ ಎಂಟರಿಂದ ಒಂಬತ್ತು, ಆ ಸಂದಿಯ ಹತ್ತಿರ ಇಬ್ಬರು ನಿಲ್ಲಿ. ಒಬ್ಬರು ದಾಟುವವರನ್ನು ಎಣಿಸಲಿ, ಇನ್ನೊಬ್ಬರು ಕಾರು, ಬೈಕು, ಬಸ್ಸು ಬೇರೆ ಬೇರೆ ಗೀಟು ಹಾಕಲಿ. ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ, ಕಾರಿನಲ್ಲಿ ಸಾಮಾನ್ಯವಾಗಿ ಒಬ್ಬರು, ಇದನ್ನೂ ಬರೆಯಿರಿ. ಟ್ರಾಫಿಕ್ ಪೊಲೀಸ್ ಠಾಣೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೂರು ವರ್ಷದಲ್ಲಿ ಯಾವ್ಯಾವ ಜಾಗದಲ್ಲಿ ನಡೆಯುವವರಿಗೆ ಗಾಡಿ ಬಡಿದಿದೆ ಅಂತ ತೆಗೆದುಕೊಳ್ಳಿ. ನಿಮ್ಮ ಇಪ್ಪತ್ತಮೂರು ಬೇಡಿಕೆಗಳ ಮುಂದೆ ಈ ಎರಡು ಹಾಳೆ ಇಟ್ಟರೆ ಯಾವುದು ಮೊದಲು ಅಂತ ವಾದ ಮಾಡುವ ಹೊತ್ತು ಉಳಿಯುತ್ತದೆ. ಅಧ್ಯಕ್ಷರನ್ನೂ ಎಣಿಸಲು ಕರೆಯಿರಿ. ಅವರು ಒಂದು ಸಲ ಆ ಸಂದಿಯಲ್ಲಿ ನುಸುಳಿ ನೋಡಲಿ, ಹೊಟ್ಟೆ ಹಿಡಿಸುತ್ತೋ ಇಲ್ಲವೋ!

ಯಾರಿಗೆ ಕೊಡಬೇಕು ಅನ್ನುವುದೇ ಈಗ ಸ್ವಲ್ಪ ಗೊಂದಲ. ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೇ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು, ನಿಮ್ಮದು ಬೆಂಗಳೂರು ಪೂರ್ವ. ಕ್ರಾಸಿಂಗ್, ಫುಟ್‌ಪಾತ್ ಪಾಲಿಕೆಯದು. ಸಿಗ್ನಲ್ಲಿನ ಸೆಕೆಂಡು ಟ್ರಾಫಿಕ್ ಪೊಲೀಸರದು. ಸೆಕೆಂಡಿನ ಲೆಕ್ಕ ಹೇಗೆಂದರೆ, ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುತ್ತಾರೆ. 24 ಮೀಟರ್ ರಸ್ತೆಗೆ ಇಪ್ಪತ್ತು ಸೆಕೆಂಡು ಬೇಕು. ವಯಸ್ಸಾದವರಿಗೆ ಅದೂ ಸಾಲದು. ನಿಮ್ಮ ಜಂಕ್ಷನ್ನಿನಲ್ಲಿ ಎಷ್ಟು ಕೊಡುತ್ತಾರೆ ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ. ಅರ್ಜಿಯನ್ನು ಬಜೆಟ್ ತಯಾರಾಗುವ ಮೊದಲೇ ಕೊಡಿ. ಏಪ್ರಿಲ್ ಮೇಯಲ್ಲಿ ಕೆಲಸ ಆಗದಿದ್ದರೆ ಮಳೆ ನೆಪಕ್ಕೆ ಅಕ್ಟೋಬರ್ ದಾಟುತ್ತದೆ.

ಯಾರಾದರೂ ‘ಇದೆಲ್ಲ ಆಮೇಲೆ’ ಅಂದರೆ ಒಂದು ವಿಷಯ ನೆನಪಿಸಿ. 2025ರ ಮೇ 14ರಂದು ಸುಪ್ರೀಂ ಕೋರ್ಟ್, ನಡೆಯಲು ತಕ್ಕ ಫುಟ್‌ಪಾತ್ ಇರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂದಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಅದಕ್ಕೂ ಮುಂಚೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಬೆಂಗಳೂರಿನ ಗುಂಡಿಗಳ ಪರಿಚಯ ಅವರಿಗೆ ಇಲ್ಲೇ ಆಗಿತ್ತು.

ಎಣಿಕೆಯ ಹಾಳೆ ಸಿದ್ಧವಾದರೆ ನಮಗೂ ಒಂದು ಪ್ರತಿ ಕಳಿಸಿ, ಜೊತೆಗೆ ಆ ಸವೆದ ಸರಳಿನ ಫೋಟೊ. ಅಂದು ನಾನು ತೆಗೆಯಲು ಹೋದೆ. ಪ್ರತಿ ಸಲವೂ ಯಾರದಾದರೂ ಕೈ ಅಡ್ಡ ಬರುತ್ತಿತ್ತು.

ಸಂಪಾದಕ