ಡ್ರೋನ್ ಮೇಲಿತ್ತು, ನೀವೆಲ್ಲಿದ್ದಿರಿ?

ಪ್ರಿಯರೇ,

ನೀವು ಕಳಿಸಿದ ‘ಆಕಾಶದಿಂದ ಶರಾವತಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉಳಿದ ಮಾತನ್ನು ನೀವು ಫಲಿತಾಂಶಕ್ಕೆ ಕಾಯುತ್ತಾ ಓದುವ ಪ್ರಮೇಯ ಬರಬಾರದು. ಹಾಗೆಂದು ಕೈಬಿಡುತ್ತಲೂ ಇಲ್ಲ. ನಿಮ್ಮೊಳಗೆ ಒಂದು ಒಳ್ಳೆಯ ಲೇಖನ ಇದೆ, ಅದರ ಹತ್ತು ಹನ್ನೆರಡು ಸಾಲು ಈಗಾಗಲೇ ಕಾಗದದ ಮೇಲೆ ಬಂದಿವೆ. ಆ ಸಾಲುಗಳಿಗಾಗಿಯೇ ಇಷ್ಟು ಉದ್ದದ ಉತ್ತರ. ನಿಮ್ಮ ಒಪ್ಪಿಗೆಯಂತೆ ಹೆಸರು ಬಿಟ್ಟು ಇಲ್ಲಿ ಪ್ರಕಟಿಸುತ್ತಿದ್ದೇನೆ.

ಉಳಿದ ಓದುಗರಿಗೆ ಸಂಗತಿ ತಿಳಿಯಲಿ. ಈ ಯುವಕರು ಫೆಬ್ರವರಿಯಲ್ಲಿ ಮೂರು ದಿನ ರಜೆ ಹಾಕಿ ಊರಿಗೆ ಬಂದು, ನೌಕಾಪಡೆಯಿಂದ ನಿವೃತ್ತರಾದ ಚಿಕ್ಕಪ್ಪನ ಪುಟ್ಟ ಹಾಯಿದೋಣಿಯಲ್ಲಿ ಲಿಂಗನಮಕ್ಕಿ ಹಿನ್ನೀರಿನ ಮೇಲೆ ತಿರುಗಿದ್ದಾರೆ. ರಾತ್ರಿಗೆ ತುಮರಿ ಕಡೆಯ ನೆಂಟರ ಮನೆ. ಕೈಯಲ್ಲಿ ಹೊಸದಾಗಿ ಕೊಂಡ 249 ಗ್ರಾಂ ತೂಕದ ಕ್ಯಾಮೆರಾ ಡ್ರೋನ್. ಲೇಖನದ ಇಪ್ಪತ್ತೆರಡು ಪ್ಯಾರಾಗಳಲ್ಲಿ ಹದಿನೆಂಟು ಆ ಡ್ರೋನ್ ಕಂಡ ನೋಟದ ವರ್ಣನೆ.

ನನ್ನ ತಕರಾರು ಶುರುವಾಗುವುದು ಅಲ್ಲಿಂದಲೇ. ‘ಈ ದೃಶ್ಯ ನನ್ನ ಉಸಿರನ್ನೇ ಕಸಿದುಕೊಂಡಿತು’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಉಸಿರು ಕಟ್ಟುತ್ತದೆ, ಬಿಗಿಹಿಡಿಯುತ್ತದೆ, ನಿಂತೇ ಹೋಗುತ್ತದೆ. ಯಾರೂ ಬಂದು ಅದನ್ನು ಕಸಿಯುವುದಿಲ್ಲ. ನಿಮಗೆ ನಿಜವಾಗಿ ಏನಾಯಿತೋ ಅದನ್ನು ಹುಡುಕದೆ, ಎಲ್ಲೋ ಓದಿದ ಇಂಗ್ಲಿಷ್ ಮಾತನ್ನು ತಂದು ಕೂರಿಸಿದ್ದೀರಿ. ‘ಪಚ್ಚೆ ಹರಳುಗಳಂತೆ ಚೆಲ್ಲಿದ ದ್ವೀಪಗಳು’, ‘ನೀಲಿ ರೇಷ್ಮೆಯ ಹಾಸು’ ಇವೂ ಅಂಥವೇ. ಇವನ್ನು ಭದ್ರಾ ಹಿನ್ನೀರಿಗೂ ಅಂಟಿಸಬಹುದು, ವಾರಾಹಿಗೂ ಅಂಟಿಸಬಹುದು. ಎಲ್ಲಿಗಾದರೂ ಸಲ್ಲುವ ವರ್ಣನೆಯಿಂದ ಶರಾವತಿಗೆ ಏನೂ ಸಿಗುವುದಿಲ್ಲ.

ದ್ವೀಪಗಳ ಸುತ್ತ ‘ಚಿನ್ನದ ಹಾರ ತೊಡಿಸಿದಂತೆ’ ಒಂದು ಪಟ್ಟಿ ಕಂಡಿತು ಎಂದಿದ್ದೀರಿ. ಈ ಒಂದು ಕಡೆ ನೀವು ಬೇರೆ ಯಾರೂ ಬರೆಯಲಾರದ್ದನ್ನು ಬರೆಯುವ ಹೊಸ್ತಿಲಲ್ಲಿ ಇದ್ದಿರಿ, ಹಾರ ಎಂದು ಹೇಳಿ ಹಿಂದೆ ಸರಿದುಬಿಟ್ಟಿರಿ. ಅದು ಬರಿಯ ಕೆಮ್ಮಣ್ಣು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ತುಂಬಿದ ನೀರು ವಿದ್ಯುತ್ ಉತ್ಪಾದನೆಗೆ ಹರಿಯುತ್ತಾ ಹೋದಂತೆ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ವರ್ಷದಲ್ಲಿ ಕೆಲವು ತಿಂಗಳು ನೀರಿನಡಿ ಇದ್ದು ಮಿಕ್ಕ ತಿಂಗಳು ಬಿಸಿಲಿಗೆ ಕಾಯುವ ಆ ಪಟ್ಟಿಯಲ್ಲಿ ಗಿಡಮರ ನೆಲೆಯೂರುವುದಿಲ್ಲ. ನಮ್ಮ ಮನೆಗಳ ದೀಪಕ್ಕೆ ಎಷ್ಟು ನೀರು ಖರ್ಚಾಯಿತು ಎಂಬುದರ ಗುರುತು ಅದು. ಡ್ರೋನ್ ಅದನ್ನು ನಿಮಗೆ ಸರಿಯಾಗಿಯೇ ತೋರಿಸಿತ್ತು.

ಇದರ ಹಿಂದೆಯೇ ಇನ್ನೊಂದು. ಎರಡನೆಯ ದಿನ ‘ದೋಣಿಗೆ ಏನೋ ತಾಗಿತು, ಚಿಕ್ಕಪ್ಪ ಹಲಗೆ ಮೇಲೆತ್ತಿದರು’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಏನೋ ಎಂದರೆ ಏನು? ಹಾಯಿದೋಣಿ ಗಾಳಿಗೆ ಪಕ್ಕಕ್ಕೆ ಜಾರದಂತೆ ಅದರ ತಳದಿಂದ ಒಂದು ಹಲಗೆ ನೀರಿಗೆ ಇಳಿದಿರುತ್ತದೆ. ಅದಕ್ಕೆ ತಾಗಿದ್ದು ಮರದ ಬೊಡ್ಡೆ ಇರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ನೀರಿನಡಿ ಸೇರಿದ ಕಾಡಿನ ಬೊಡ್ಡೆಗಳು ಇವತ್ತಿಗೂ ನಿಂತಿವೆ, ಬೇಸಿಗೆ ಏರಿದಂತೆ ಒಂದೊಂದೇ ತಲೆ ಹೊರಹಾಕುತ್ತವೆ. ಚಿಕ್ಕಪ್ಪನನ್ನು ಕೇಳಿ ಖಚಿತ ಮಾಡಿಕೊಳ್ಳಿ. ಆ ಸದ್ದು ಹೇಗಿತ್ತು, ಕಾಲಿನಡಿ ಹೇಗೆ ಅನ್ನಿಸಿತು, ಅವರು ಏನೆಂದರು, ಅದನ್ನು ಬರೆಯಿರಿ. ಡ್ರೋನಿಗೆ ಎಂದೂ ಸಿಗದ ಸಂಗತಿ ಅದು.

ಈಗ ಹದಿನೇಳನೆಯ ಪ್ಯಾರಾಕ್ಕೆ ಬರುತ್ತೇನೆ. ನಾನು ಪೆನ್ನು ಕೆಳಗಿಟ್ಟು ಓದಿದ್ದು ಅದೊಂದನ್ನೇ.

ಬ್ಯಾಟರಿ ಕಡಿಮೆಯಾಯಿತು, ಡ್ರೋನ್ ತಾನಾಗಿ ಹಿಂದಿರುಗತೊಡಗಿತು, ಆದರೆ ನಿಮ್ಮ ಕಡೆಗೆ ಬರಲಿಲ್ಲ. ನೀವು ಅದನ್ನು ಹಾರಿಸಿದ ಜಾಗಕ್ಕೆ ಹೊರಟಿತು. ಅಷ್ಟರಲ್ಲಿ ದೋಣಿ ಅರ್ಧ ಕಿಲೋಮೀಟರ್ ಮುಂದೆ ಬಂದಿತ್ತು. ಮೊಬೈಲ್ ಪರದೆಯ ನಕ್ಷೆಯಲ್ಲಿ ‘ಮನೆ’ ಎಂಬ ಗುರುತು ನೀರಿನ ನಟ್ಟನಡುವೆ ಇತ್ತು. ‘ಮನೆ ಇರುವಲ್ಲಿ ಬರೀ ನೀರಿತ್ತು’ ಎಂದು ಬರೆದಿದ್ದೀರಿ. ಆ ಸಾಲಿನ ತೂಕ ನಿಮಗೆ ಗೊತ್ತಾಗಿಲ್ಲ ಎಂಬ ಅನುಮಾನ ನನಗೆ. ಮರುಸಾಲಿನಲ್ಲೇ ‘ಅಂತೂ ಹೇಗೋ ಹಿಡಿದೆವು’ ಎಂದು ಮುಗಿಸಿ, ಮತ್ತೆ ಸೂರ್ಯಾಸ್ತದ ಬಣ್ಣಗಳಿಗೆ ಹೋಗಿದ್ದೀರಿ.

‘ಹೇಗೋ’ ಎಂಬುದನ್ನು ಬಿಡಿಸಿ ಬರೆಯಿರಿ. ನೀವು ಪತ್ರದಲ್ಲಿ ಕೊಟ್ಟ ವಿವರ ಲೇಖನದಲ್ಲಿಲ್ಲ. ಓದುಗರಿಗೆ ಡ್ರೋನ್ ಗೊತ್ತಿರಲಿಕ್ಕಿಲ್ಲ, ಹಾಯಿದೋಣಿಯಂತೂ ಗೊತ್ತಿರುವುದಿಲ್ಲ. ಆದರೆ ಅಪಾಯದ ಒಳಗುಟ್ಟನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು: ಡ್ರೋನ್ ಉಪಗ್ರಹದ ಸಂಕೇತ ಹಿಡಿದು ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ, ದೋಣಿ ನಿಲ್ಲುವುದಿಲ್ಲ. ನೆಲದ ಮೇಲೆ ಆಡುವವರಿಗೆ ಈ ತೊಂದರೆಯೇ ಇಲ್ಲ. ಹೊರಟ ಜಾಗವನ್ನೇ ಅದು ಮನೆ ಎಂದು ನೆನಪಿಟ್ಟುಕೊಳ್ಳುತ್ತದೆ. ದೋಣಿ ಸರಿದಂತೆಲ್ಲ ಆ ಗುರುತನ್ನು ಕೈಯಲ್ಲಿರುವ ನಿಯಂತ್ರಕದ ಜಾಗಕ್ಕೆ ಬದಲಿಸುತ್ತಿರಬೇಕು. ನೀವು ಮರೆತಿದ್ದಿರಿ. ಮರೆತೆ ಎಂದು ಬರೆಯಿರಿ, ಲೇಖನಕ್ಕೆ ಅದರಿಂದ ಒಳ್ಳೆಯದೇ ಆಗುತ್ತದೆ.

ಹಿಂದಿರುಗುವ ಆಜ್ಞೆಯನ್ನು ನೀವು ರದ್ದು ಮಾಡಿದಿರಿ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದುರಾಯಿತು. ಮೇಲೆ ಹೋದಷ್ಟೂ ಗಾಳಿ ಜೋರು, ಆದ್ದರಿಂದ ಕೆಳಗಿಳಿಸಿ ತಂದಿರಿ. ಕೆಳಗಿಳಿದರೆ ಬೇರೆ ಕಷ್ಟ. ಹೊಟ್ಟೆಯಡಿಯ ಸಂವೇದಕಗಳು ನೆಲ ನೋಡಿ ಅಳತೆ ಮಾಡುವಂಥವು, ಅಲೆಯಾಡುವ ನೀರು ಕಂಡರೆ ಗಲಿಬಿಲಿಗೊಳ್ಳುತ್ತವೆ. ಅಷ್ಟರಲ್ಲಿ ಚಿಕ್ಕಪ್ಪ ಚುಕ್ಕಾಣಿ ತಳ್ಳಿ ದೋಣಿಯ ಮುಂತುದಿಯನ್ನು ಗಾಳಿಗೆ ಎದುರು ತಿರುಗಿಸಿದರು. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನಿಂತಿತು. ಹಾಯಿಕಂಬಕ್ಕೆ ಬಿಗಿದ ಹಗ್ಗಗಳ ನಡುವೆ ಡ್ರೋನ್ ತರಲು ಜಾಗವಿಲ್ಲ ಎಂದು ಅವರು ಹಿಂಬದಿಯ ಅಂಚಿಗೆ ಹೋಗಿ, ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯನ್ನು ನೀರಿನ ಮೇಲೆ ಚಾಚಿದರು. ಕೈ ಅಡಿಗೆ ಬಂದೊಡನೆ ಡ್ರೋನ್ ಅದನ್ನು ಅಡ್ಡಿ ಎಂದು ತಿಳಿದು ಮೇಲೇರಿತು. ಎರಡು ಸಲ ಹೀಗಾಯಿತು. ಮೂರನೆಯ ಸಲ ಅವರು ಹಿಡಿದರು, ರೆಕ್ಕೆ ತಾಗಿ ಬೆರಳು ಕೊಯ್ದುಕೊಂಡಿತು.

ಇಷ್ಟೆಲ್ಲ ಇದ್ದೂ ನೀವು ಪಚ್ಚೆ ಹರಳಿನ ಹಿಂದೆ ಹೋದಿರಲ್ಲ ಎಂಬುದು ನನ್ನ ಬೇಸರ. ಅರವತ್ತು ದಾಟಿದ ಮನುಷ್ಯ ಇನ್ನೊಬ್ಬರ ಆಟದ ವಸ್ತುವಿಗಾಗಿ ನೀರಿನ ಮೇಲೆ ಕೈ ಚಾಚಿ ನಿಂತದ್ದು ಲೇಖನದ ಜೀವ. ಅವರು ಬಯ್ದರೇ? ಬೆರಳಿಗೆ ಏನು ಕಟ್ಟಿದಿರಿ? ಆಮೇಲೆ ದಡ ಸೇರುವ ತನಕ ಯಾರು ಏನು ಮಾತನಾಡಿದಿರಿ? ಇವಕ್ಕೆಲ್ಲ ಉತ್ತರ ನಿಮ್ಮ ಬಳಿ ಮಾತ್ರ ಇದೆ.

ಎರಡು ಮೂರು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಡ್ರೋನನ್ನು ‘200 ಮೀಟರ್ ಎತ್ತರಕ್ಕೆ’ ಏರಿಸಿದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. 2021ರ ಡ್ರೋನ್ ನಿಯಮಗಳ ಪ್ರಕಾರ, ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿಯೂ ಮಿತಿ 400 ಅಡಿ, ಅಂದರೆ 120 ಮೀಟರ್. 250 ಗ್ರಾಂ ಒಳಗಿನ ಡ್ರೋನಿಗೆ ಪೈಲಟ್ ಪರವಾನಗಿ ಬೇಡ ಎಂಬ ವಿನಾಯಿತಿ ಎತ್ತರಕ್ಕೆ ಅನ್ವಯಿಸುವುದಿಲ್ಲ. ಹಿನ್ನೀರಿಗೆ ತಾಗಿಯೇ ಶರಾವತಿ ಕಣಿವೆಯ ಅಭಯಾರಣ್ಯ ಇದೆ, ಸಿಂಗಳೀಕಗಳ ನೆಲೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರ ಮೇಲೆ ಹಾರಿಸುವಂತಿಲ್ಲ. ಅಣೆಕಟ್ಟೆಯ ಹತ್ತಿರದ ಮಾತಂತೂ ಬೇಡವೇ ಬೇಡ. ನಿಮ್ಮನ್ನು ಓದಿ ಹತ್ತು ಹುಡುಗರು ಹಾಗೇ ಮಾಡಿದರೆ ಅದರ ಹೊಣೆ ಪ್ರಕಟಿಸಿದ ನನ್ನದೂ ಹೌದು. ತಪ್ಪಾಯಿತು ಎಂದು ಒಂದು ಸಾಲು ಸೇರಿಸಿ, ಇಲ್ಲವೇ ಆ ಭಾಗವನ್ನೇ ತೆಗೆಯಿರಿ.

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಡ್ರೋನ್ ಕಂಡು ‘ನಾಚಿ ಮುಖ ಮುಚ್ಚಿಕೊಂಡರು’ ಎಂಬ ಸಾಲನ್ನು ನಾನೇ ಹೊಡೆದುಹಾಕಿದ್ದೇನೆ. ಅವರು ನಾಚಲಿಲ್ಲ. ತಮ್ಮ ನೆತ್ತಿಯ ಮೇಲೆ ಯಾರದೋ ಕಣ್ಣು ಬಂದು ನಿಂತದ್ದು ಅವರಿಗೆ ಬೇಡವಾಗಿತ್ತು. ಕಳಿಸಿದ ಚಿತ್ರಗಳಲ್ಲಿ ಆ ಒಂದನ್ನು ದಯವಿಟ್ಟು ಅಳಿಸಿಬಿಡಿ.

‘ಬ್ರಿಟಿಷರ ಕಾಲದ ಮಡೆನೂರು ಅಣೆಕಟ್ಟೆ’ ಎಂಬುದನ್ನೂ ತಿದ್ದಿ. ಹಿರೇಭಾಸ್ಕರ ಎಂಬ ಆ ಅಣೆಕಟ್ಟೆ ಮೈಸೂರು ಸಂಸ್ಥಾನದ್ದು, ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ್ದು, 1948ರಲ್ಲಿ ಪೂರ್ಣಗೊಂಡದ್ದು. ಹದಿನಾರೇ ವರ್ಷದಲ್ಲಿ ಲಿಂಗನಮಕ್ಕಿಯ ನೀರು ಅದನ್ನೂ ನುಂಗಿತು. ಒಂದು ಅಣೆಕಟ್ಟೆಯನ್ನು ಇನ್ನೊಂದು ಮುಳುಗಿಸಿದ ಊರು ನಮ್ಮದು.

ಸೇತುವೆಯ ಕೇಬಲ್‌ಗಳಿಗೆ ಮೂರು ಪ್ಯಾರಾ ಕೊಟ್ಟಿದ್ದೀರಿ, ಒಂದು ಸಾಕು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಆ ಸೇತುವೆ ತೆರೆಯುವ ತನಕ ತುಮರಿ ಇರುವ ಕರೂರು ಸೀಮೆಯವರು ಸಾಗರ ಪೇಟೆಗೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದರು. ಸಂಜೆಯ ಕೊನೆಯ ಲಾಂಚ್ ತಪ್ಪಿಸಿಕೊಂಡು ದಡದಲ್ಲಿ ನಿಂತವರಲ್ಲಿ ನಾನೂ ಒಬ್ಬ. ಎದುರು ದಡದ ದೀಪ ಕಾಣುತ್ತಿತ್ತು, ಹೋಗುವಂತಿರಲಿಲ್ಲ. ಮೇಲಿನಿಂದ ಸೇತುವೆಯನ್ನು ನೋಡಿದಾಗ ಅದು ಚೆಂದದ ಗೆರೆ ನಿಜ. ತುಮರಿಯ ನೆಂಟರು ಆ ಗೆರೆಯ ಬಗ್ಗೆ ಊಟದ ಹೊತ್ತಿನಲ್ಲಿ ಏನಾದರೂ ಹೇಳಿರಲೇಬೇಕು. ನಿಮ್ಮ ಲೇಖನದಲ್ಲಿ ಅವರು ಒಂದೂ ಮಾತನಾಡುವುದಿಲ್ಲ. ಎರಡು ರಾತ್ರಿ ಅವರ ಮನೆಯಲ್ಲಿ ಉಂಡಿದ್ದೀರಿ.

ಕೊನೆಗೆ ಅಜ್ಜಿ. ‘ನನ್ನ ಅಜ್ಜಿಯ ತವರು ಇದೇ ನೀರಿನಡಿ ಇದೆ’ ಎಂದು ನಾಲ್ಕನೆಯ ಪ್ಯಾರಾದಲ್ಲಿ ಒಂದು ಸಾಲು. ಲೇಖನದ ಕೊನೆಯಲ್ಲಿ ಇನ್ನೊಂದು: ‘ವಿಡಿಯೊ ತೋರಿಸಿದೆ, ಅಜ್ಜಿ ಸುಮ್ಮನೆ ನೋಡಿದರು.’ ಈ ಎರಡರ ನಡುವೆ ಹದಿನೇಳನೆಯ ಪ್ಯಾರಾ ಬಿದ್ದಿದೆ, ಮನೆಯ ಗುರುತು ನೀರಿನ ಮೇಲೆ ಬಿದ್ದಂತೆ. ನಿಮಗೆ ಈಗ ಹೊಳೆದಿರಬೇಕು. ಹೊಳೆದೊಡನೆ ಒಂದು ಆಮಿಷ ಬರುತ್ತದೆ: ‘ಡ್ರೋನಿನಂತೆಯೇ ಅಜ್ಜಿಯ ಮನಸ್ಸೂ ನೀರಿನಲ್ಲಿ ಮನೆ ಹುಡುಕುತ್ತಿತ್ತು’ ಎಂದು ಬರೆದುಬಿಡೋಣ ಎಂದು. ದಯವಿಟ್ಟು ಬರೆಯಬೇಡಿ. ಹೋಲಿಕೆಯನ್ನು ನೀವು ಹೇಳಿದರೆ ಅಜ್ಜಿ ಡ್ರೋನಿಗೆ ಉಪಮೆಯಾಗಿ ಸಣ್ಣವರಾಗುತ್ತಾರೆ. ಎರಡೂ ಪ್ರಸಂಗವನ್ನು ಹತ್ತಿರ ಹತ್ತಿರ ಇಡಿ, ನಡುವೆ ಏನೂ ಹೇಳಬೇಡಿ. ಮುಳುಗಡೆಯ ಜಿಲ್ಲೆಯ ಓದುಗರಿಗೆ ಅಷ್ಟು ಸಾಕು.

ಆದರೆ ‘ಸುಮ್ಮನೆ ನೋಡಿದರು’ ಎಂಬುದನ್ನು ನಾನು ನಂಬಲಾರೆ. ಕಣ್ಣು ಎಲ್ಲಿ ನಿಂತಿತು? ಮೊಬೈಲನ್ನು ದೂರ ಹಿಡಿದು ನೋಡಿದರೇ, ಹತ್ತಿರ ತಂದುಕೊಂಡರೇ? ಯಾವುದಾದರೂ ಗುಡ್ಡದ ಹೆಸರು ಹೇಳಿದರೇ? ಆಗ ದಿಬ್ಬದ ನೆತ್ತಿಯಾಗಿದ್ದದ್ದು ಈಗ ದ್ವೀಪ, ಅದಕ್ಕೆ ಅವರ ಬಾಯಲ್ಲಿ ಹಳೆಯ ಹೆಸರು ಇದ್ದೇ ಇರುತ್ತದೆ. ಅವರು ಊರು ಬಿಟ್ಟಾಗ ಹನ್ನೆರಡು ವರ್ಷದವರು ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಹನ್ನೆರಡು ವರ್ಷದ ಹುಡುಗಿಗೆ ಮನೆಯಿಂದ ಹೊಳೆಗೆ ಹೋಗುವ ದಾರಿ ಮರೆತುಹೋಗುವುದಿಲ್ಲ.

ಆದ್ದರಿಂದ ಇನ್ನೊಮ್ಮೆ ಊರಿಗೆ ಹೋಗಿ. ವಿಡಿಯೊವನ್ನು ಮೊಬೈಲಿನಲ್ಲಿ ಬೇಡ, ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೋರಿಸಿ, ಹಿನ್ನೆಲೆ ಸಂಗೀತ ತೆಗೆದು. ಅವರು ನಿಲ್ಲಿಸು ಎಂದಲ್ಲಿ ನಿಲ್ಲಿಸಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಏನೂ ಹೇಳದಿದ್ದರೆ ಹೇಳಲಿಲ್ಲ ಎಂದು ಬರೆಯಿರಿ. ಇಪ್ಪತ್ತೆರಡು ಪ್ಯಾರಾ ಒಂಬತ್ತಕ್ಕೆ ಇಳಿಯಲಿ. ದೋಣಿಯಿಂದ ಶುರು ಮಾಡಿ. ಶೀರ್ಷಿಕೆಯನ್ನು ನಾನು ನೋಡಿಕೊಳ್ಳುತ್ತೇನೆ. ಚಿಕ್ಕಪ್ಪನ ಬೆರಳು ಈಗ ಹೇಗಿದೆ ಎಂದು ಪತ್ರದಲ್ಲಿ ತಿಳಿಸಿ.

ನಿಮ್ಮ ವಿಶ್ವಾಸಿ,
ಸಂಪಾದಕ
ಶಿವಮೊಗ್ಗ