ದುಬೈ ವೀಸಾ ಕ್ಯಾನ್ಸಲ್ ಆಗಿ ಊರಿಗೆ ಬಂದವರು ಮತ್ತೆ ಅಲ್ಲಿಗೆ ಕೆಲಸಕ್ಕೆ ಹೋಗಬಹುದೇ?

ಹೋಗಬಹುದು. ನೀವು ಬರೆದದ್ದು ಇಷ್ಟು: ಕಂಪನಿಯವರು ಜನ ಕಡಿಮೆ ಮಾಡುವಾಗ ನಿಮ್ಮ ವೀಸಾ ಕ್ಯಾನ್ಸಲ್ ಮಾಡಿ ಟಿಕೆಟ್ ಕೊಟ್ಟು ಕಳಿಸಿದ್ದಾರೆ, ಎಂಟು ತಿಂಗಳಿಂದ ಕುಂದಾಪುರದಲ್ಲಿದ್ದೀರಿ, ಅಲ್ಲಿನ ಕ್ರೆಡಿಟ್ ಕಾರ್ಡಿನದ್ದು ಸ್ವಲ್ಪ ಬಾಕಿ ಉಂಟು, ಈಗ ಏಜೆಂಟ್ ಒಬ್ಬ "ನಿಮ್ಮ ಮೇಲೆ ಬ್ಯಾನ್ ಇದೆ, ತೆಗೆಸಲಿಕ್ಕೆ ನಲವತ್ತು ಸಾವಿರ ಆಗ್ತದೆ" ಅನ್ನುತ್ತಿದ್ದಾನೆ. ಆ ನಲವತ್ತು ಸಾವಿರ ಕೊಡಬೇಡಿ ಮಾರಾಯ್ರೆ. ಮೊದಲು ಬ್ಯಾನ್ ಇದೆಯೋ ಇಲ್ಲವೋ ನೋಡೋಣ.

ಯುಎಇಯಲ್ಲಿ, ಅಂದರೆ ದುಬೈ, ಶಾರ್ಜಾ, ಅಬುಧಾಬಿ ಎಲ್ಲ ಸೇರಿದ ಆ ದೇಶದಲ್ಲಿ, ಕಂಪನಿಯ ವೀಸಾದಲ್ಲಿದ್ದು ಕೆಲಸ ಬಿಟ್ಟವರೆಲ್ಲರ ವೀಸಾವೂ ಕ್ಯಾನ್ಸಲ್ ಆಗುತ್ತದೆ. ರಾಜೀನಾಮೆ ಕೊಟ್ಟರೂ ಅಷ್ಟೇ, ಕಂಪನಿಯೇ ತೆಗೆದರೂ ಅಷ್ಟೇ, ವಯಸ್ಸಾಗಿ ಊರಿಗೆ ಹೊರಟರೂ ಅಷ್ಟೇ. ನನ್ನದೂ ಶಾರ್ಜಾದಲ್ಲಿ ಹೀಗೇ ಕ್ಯಾನ್ಸಲ್ ಆಗಿ, ಊರಿಗೆ ಬಂದು, ಬೇರೆ ಕಂಪನಿಯ ವೀಸಾದಲ್ಲಿ ವಾಪಸ್ ಹೋದೆ. ಕ್ಯಾನ್ಸಲ್ ಆಯಿತು ಎನ್ನುವುದು ಯಾರಿಗೂ ಅಡ್ಡ ಬರುವುದಿಲ್ಲ. ಯಾವ ರೀತಿಯಲ್ಲಿ ಆಯಿತು ಎನ್ನುವುದು ಮಾತ್ರ ಬರುತ್ತದೆ.

ಬ್ಯಾನ್ ಎಂಬ ಭಯ ನಮ್ಮ ಕಡೆ ಇಷ್ಟು ಬಲವಾಗಿ ಕೂತದ್ದಕ್ಕೆ ಕಾರಣ ಉಂಟು. 1980ರ ಹಳೆಯ ಕಾರ್ಮಿಕ ಕಾನೂನಿನ ಕಾಲದಲ್ಲಿ ಎರಡು ವರ್ಷ ಆಗುವ ಮೊದಲೇ ಕೆಲಸ ಬಿಟ್ಟವನಿಗೆ ಆರು ತಿಂಗಳ ಬ್ಯಾನ್ ಬೀಳುವುದು ಮಾಮೂಲಿ. ಕಂಪನಿಯಿಂದ ಎನ್‌ಒಸಿ, ಅಂದರೆ ಬೇರೆ ಕಡೆ ಸೇರಲು ಆಕ್ಷೇಪವಿಲ್ಲ ಎಂಬ ಪತ್ರ, ತರಲಿಕ್ಕೆ ಜನ ಮ್ಯಾನೇಜರನ ಕೋಣೆಯ ಹೊರಗೆ ಕಾಯುತ್ತಿದ್ದರು. ಅದನ್ನು ಕಂಡ ಅಣ್ಣಂದಿರು, ಮಾವಂದಿರು ಈಗಲೂ ಮದುವೆ ಮನೆಯಲ್ಲಿ ಅದನ್ನೇ ಹೇಳುತ್ತಾರೆ. ಈಗಿರುವುದು 2021ರ 33ನೇ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗದೆ ಹೋಗುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ: ಪ್ರೊಬೇಷನ್ ಅವಧಿಯಲ್ಲಿ (ಕೆಲಸಕ್ಕೆ ಸೇರಿದ ಹೊಸತಿನ ಪರೀಕ್ಷಾ ಅವಧಿ) ನೋಟಿಸ್ ಕೊಡದೆ ದೇಶ ಬಿಟ್ಟರೆ, ಅಥವಾ ಸರಿಯಾದ ಕಾರಣ ಇಲ್ಲದೆ ಕೆಲಸದಿಂದ ಕಾಣೆಯಾದರೆ. ಎರಡನೆಯದನ್ನೇ ನಾವೆಲ್ಲ ಅಬ್‌ಸ್ಕಾಂಡಿಂಗ್ ಅನ್ನುವುದು. ಕಂಪನಿಗೆ ತಿಳಿಸದೆ ಸತತ ಏಳು ದಿನಕ್ಕಿಂತ ಹೆಚ್ಚು ಬರದಿದ್ದರೆ ಅವರು ಮಿನಿಸ್ಟ್ರಿಗೆ, ಅಂದರೆ ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ, ರಿಪೋರ್ಟ್ ಹಾಕಬಹುದು. ಕಂಪನಿಯೇ ತೆಗೆದು, ಟಿಕೆಟ್ ಮಾಡಿ, ಕ್ಯಾನ್ಸಲೇಷನ್ ಪೇಪರಿಗೆ ನಿಮ್ಮ ಸಹಿ ಹಾಕಿಸಿಕೊಂಡಿದ್ದರೆ ನೀವು ಈ ಎರಡರಲ್ಲೂ ಬರುವುದಿಲ್ಲ.

ಪ್ರೊಬೇಷನ್ನಿನ ವಿಷಯದಲ್ಲಿ ಇನ್ನೊಂದು ಮಾತು, ನಿಮಗಲ್ಲದಿದ್ದರೂ ಓದುವ ಬೇರೆಯವರಿಗೆ ಬೇಕಾಗಬಹುದು. ಪ್ರೊಬೇಷನ್ನಿನಲ್ಲಿರುವಾಗ 14 ದಿನದ ನೋಟಿಸ್ ಕೊಟ್ಟು ಊರಿಗೆ ಹೋದವರು ಮೂರು ತಿಂಗಳೊಳಗೆ ಹೊಸ ಕಂಪನಿಯ ಪರ್ಮಿಟ್‌ನಲ್ಲಿ ವಾಪಸಾದರೆ, ಹಳೇ ಕಂಪನಿಯ ಖರ್ಚನ್ನು ಹೊಸ ಕಂಪನಿ ಕೊಡಬೇಕಾಗುತ್ತದೆ. ಹಾಗಾಗಿ ಕೆಲವು ಎಚ್‌ಆರ್‌ಗಳು "ಮೂರು ತಿಂಗಳು ಬಿಟ್ಟು ಬನ್ನಿ" ಅನ್ನುವುದು. ಅದೂ ಬ್ಯಾನ್ ಅಲ್ಲ, ಲೆಕ್ಕಾಚಾರ.

ಈಗ ಆ ಕ್ಯಾನ್ಸಲೇಷನ್ ಪೇಪರಿಗೆ ಬರೋಣ. ನಿಮ್ಮ ಹತ್ತಿರ ಅದರ ಪ್ರತಿ ಇದೆಯಾ? ನನ್ನದು ಮಾಡಿಸಿದ್ದು ಒಂದು ಟೈಪಿಂಗ್ ಸೆಂಟರಿನಲ್ಲಿ. ಒಂದು ಕಡೆ ಅರಬಿ, ಇನ್ನೊಂದು ಕಡೆ ಇಂಗ್ಲಿಷ್, ಕೆಳಗೆ ಸಹಿಗೆ ಜಾಗ. ಅದರಲ್ಲೊಂದು ಸಾಲು ಇರುತ್ತದೆ: ಬರಬೇಕಾದ ಎಲ್ಲ ಬಾಕಿ ನನಗೆ ಸಂದಿದೆ ಎಂದು. ನಮ್ಮ ಪಿಆರ್‌ಒ (ಕಂಪನಿಯ ವೀಸಾ, ಸರ್ಕಾರಿ ಕಾಗದದ ಕೆಲಸಕ್ಕೆ ಓಡಾಡುವವನು) ಪೆನ್ನನ್ನು ಕೈಗೆ ತುರುಕಿ "ಜಲ್ದಿ ಜಲ್ದಿ, ಪಾರ್ಕಿಂಗ್ ಟೈಮ್ ಮುಗೀತದೆ" ಅಂತ ಅವಸರ ಮಾಡುತ್ತಿದ್ದ. ನನ್ನ ಗ್ರಾಚ್ಯುಟಿ, ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು, ಇನ್ನೂ ಬಂದಿರಲಿಲ್ಲ. ಅಕೌಂಟಿಗೆ ಬಿದ್ದ ಮೇಲೆ ಹಾಕುತ್ತೇನೆ ಅಂದೆ. ಅವನು ಆಫೀಸಿಗೆ ಫೋನ್ ಮಾಡಿದ, ಹೊರಗೆ ಹೋಗಿ ಸಿಗರೇಟು ಸೇದಿದ, ಮತ್ತೆ ಬಂದು ಕೂತ. ಕೊನೆಗೆ ಕೆಲಸ ಎರಡು ದಿನ ಮುಂದೆ ಹೋಯಿತು, ದುಡ್ಡು ಬಂತು, ಸಹಿ ಹಾಕಿದೆ. ಸಹಿ ಹಾಕಿದ ಕೂಡಲೇ ಮೊಬೈಲಿನಲ್ಲಿ ಪ್ರತಿ ಪುಟದ ಫೋಟೋ ತೆಗೆದೆ. ಮುಂದೆ ಹೊಸ ಕಂಪನಿಯವರು ಕೇಳಿದ ಮೊದಲ ಕಾಗದವೇ ಅದು.

ನಿಮ್ಮ ಹತ್ತಿರ ಇಲ್ಲದಿದ್ದರೆ ಹಳೇ ಕಂಪನಿಯ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ. ಕಳಿಸದಿದ್ದರೆ ಪ್ರಪಂಚ ಮುಳುಗುವುದಿಲ್ಲ, ದಾಖಲೆ ಮಿನಿಸ್ಟ್ರಿಯ ಸಿಸ್ಟಮ್ಮಿನಲ್ಲಿ ಇರುತ್ತದೆ. ಹಾಗೆಯೇ ಗ್ರಾಚ್ಯುಟಿ ಪೂರ್ತಿ ಬಂದಿದೆಯೇ ನೋಡಿಕೊಳ್ಳಿ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ (ಭತ್ಯೆ ಬಿಟ್ಟು), ಆಮೇಲಿನ ವರ್ಷಗಳಿಗೆ 30 ದಿನದ್ದು. ಕೆಲಸ ಮುಗಿದು 14 ದಿನದೊಳಗೆ ಕೊಡಬೇಕು. ಬಾಕಿ ಇದ್ದರೆ ಕ್ಲೇಮ್ ಹಾಕಲು 2024ರ ತಿದ್ದುಪಡಿಯ ನಂತರ ಎರಡು ವರ್ಷ ಸಮಯ ಇದೆ, ಎಂಟು ತಿಂಗಳಿಗೆ ಏನೂ ತಡವಾಗಿಲ್ಲ.

ನನಗೆ ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಚಿಂತೆ ಹುಟ್ಟಿಸಿದ್ದು ಬ್ಯಾನ್ ಅಲ್ಲ, ನೀವು ಹೋಗ್ತಾ ಹೋಗ್ತಾ ಹೇಳಿದ ಆ ಕ್ರೆಡಿಟ್ ಕಾರ್ಡ್. ಲೇಬರ್ ಕಡೆಯಿಂದ ಎಲ್ಲ ಸರಿಯಿದ್ದು, ಹೊಸ ವೀಸಾ ಕೂಡ ಬಂದು, ಏರ್‌ಪೋರ್ಟಿನಲ್ಲಿ ಬ್ಯಾಂಕಿನ ಕೇಸಿಗೆ ಸಿಕ್ಕಿಬಿದ್ದವರಿದ್ದಾರೆ. ಇವು ಬೇರೆ ಬೇರೆ ಇಲಾಖೆಗಳು. ವರ್ಕ್ ಪರ್ಮಿಟ್ ಕೊಡುವ ಮಿನಿಸ್ಟ್ರಿಗೆ ನಿಮ್ಮ ಸಾಲದ ಸುದ್ದಿ ಬೇಕಿಲ್ಲ, ಪೊಲೀಸರಿಗೆ ಬೇಕು. ದುಬೈ ಪೊಲೀಸರ ವೆಬ್‌ಸೈಟಿನಲ್ಲಿ ಹಣಕಾಸಿನ ಕೇಸು ಇದೆಯೇ ಎಂದು ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ನಂಬರ್ ಹಾಕಿ ನೋಡುವ ಸೌಲಭ್ಯ ಇದೆ, ಆದರೆ ಅದು ದುಬೈನ ಕೇಸಿಗೆ ಮಾತ್ರ. ಅಬುಧಾಬಿಯದ್ದು ಬೇರೆ ವ್ಯವಸ್ಥೆ.

ಬ್ಯಾಂಕಿಗೆ ನೀವೇ ಮೇಲ್ ಬರೆಯಿರಿ. ಎಷ್ಟು ಬಾಕಿ, ಕಂತಿನಲ್ಲಿ ಕಟ್ಟಬಹುದಾ, ಕೇಸು ಹಾಕಿದ್ದೀರಾ ಎಂದು ನೇರವಾಗಿ ಕೇಳಿ. ಕಟ್ಟಿ ಮುಗಿಸಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ತೆಗೆದುಕೊಳ್ಳಿ, ಕೇಸು ಇದ್ದಿದ್ದರೆ ಅದನ್ನು ವಾಪಸ್ ತೆಗೆದ ಕಾಗದವೂ ಬೇಕು. ಫೋನಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ. ಊರಿಗೆ ಬಂದರೆ ಸಾಲ ಅಲ್ಲೇ ಉಳಿಯಿತು ಎಂದು ತುಂಬಾ ಜನ ತಿಳಿದಿದ್ದಾರೆ. 2020ರ ಜನವರಿಯಲ್ಲಿ ಭಾರತ ಸರ್ಕಾರ ಹೊರಡಿಸಿದ ಅಧಿಸೂಚನೆಯ ನಂತರ ಯುಎಇ ಕೋರ್ಟಿನ ಸಿವಿಲ್ ತೀರ್ಪನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ಅಂದರೆ ನೀವು ವಾಪಸ್ ಹೋಗದಿದ್ದರೂ ಅದು ಮುಗಿಯುವ ವಿಷಯವಲ್ಲ.

ಏಜೆಂಟ್ ಹೇಳುವ "ಬ್ಯಾನ್ ತೆಗೆಸುವುದು" ಹೇಗೆ ನಡೆಯುತ್ತದೆ ಎಂದು ಒಮ್ಮೆ ಯೋಚಿಸಿ. ಇಲ್ಲದ ಬ್ಯಾನ್ ತೆಗೆಯಲು ಖರ್ಚಿಲ್ಲ, ನಲವತ್ತು ಸಾವಿರ ಪೂರ್ತಿ ಲಾಭ. ಇರುವ ಬ್ಯಾನನ್ನು ಮಂಗಳೂರಿನಲ್ಲಿ ಕೂತು ಯಾರೂ ತೆಗೆಯಲಾರರು. ಹೊಸ ಪಾಸ್‌ಪೋರ್ಟ್ ಮಾಡಿಸಿ ಎಂಬ ಉಪಾಯವನ್ನೂ ಹೇಳುತ್ತಾರೆ. ನಿಮ್ಮ 784ರಿಂದ ಶುರುವಾಗುವ ಎಮಿರೇಟ್ಸ್ ಐಡಿ ನಂಬರ್ ಜೀವಮಾನ ಪೂರ್ತಿ ಒಂದೇ, ಬೆರಳಚ್ಚು ಅವರ ಹತ್ತಿರ ಇದೆ, ಇಮಿಗ್ರೇಷನ್‌ನಲ್ಲಿ ಕಣ್ಣಿನ ಸ್ಕ್ಯಾನ್ ಬೇರೆ. ಪಾಸ್‌ಪೋರ್ಟ್ ಬದಲಾದರೆ ಕಣ್ಣು ಬದಲಾಗುತ್ತದಾ?

ಬ್ಯಾನ್ ಇದೆಯೇ ಎಂದು ತಿಳಿಯುವ ನೇರ ದಾರಿ, ಹೊಸ ಕಂಪನಿಯವರು ಮಿನಿಸ್ಟ್ರಿಯಲ್ಲಿ ನಿಮ್ಮ ಹೆಸರಿಗೆ ವರ್ಕ್ ಪರ್ಮಿಟ್‌ಗೆ ಹಾಕುವುದು. ಇದ್ದರೆ ಅಲ್ಲೇ ನಿಲ್ಲುತ್ತದೆ. ಅದರ ಖರ್ಚು ಕಂಪನಿಯದ್ದು, ಕಾರ್ಮಿಕನಿಂದ ವಸೂಲಿ ಮಾಡುವಂತಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಆಫರ್ ಲೆಟರ್ ಬಂದರೆ ಅದರ ಮೇಲಿನ ನಂಬರನ್ನು ಮಿನಿಸ್ಟ್ರಿಯ ವೆಬ್‌ಸೈಟಿನಲ್ಲಿ ಹಾಕಿ ಅಸಲಿಯಾ ನೋಡಿ. ಸಂಬಳ, ಹುದ್ದೆ ಅದರಲ್ಲಿ ಇದ್ದಂತೆಯೇ ಕಾಂಟ್ರ್ಯಾಕ್ಟಿನಲ್ಲೂ ಇರಬೇಕು. ಆಮೇಲೆ ಬರುವ ಎಂಟ್ರಿ ಪರ್ಮಿಟ್, ನಾವು ಪಿಂಕ್ ವೀಸಾ ಅನ್ನುವುದು, ಅದು ಕೈಗೆ ಬರುವ ತನಕ ಇಲ್ಲಿನ ಕೆಲಸ ಬಿಡಬೇಡಿ.

ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲೇ ಹುಡುಕಲಾ ಎಂದೂ ಕೇಳಿದ್ದೀರಿ. ಹುಡುಕಲು ಹೋಗುವವರು ಬೇಕಾದಷ್ಟು ಜನ. ಆದರೆ ಪರ್ಮಿಟ್ ಇಲ್ಲದೆ ಒಂದು ದಿನವೂ ದುಡಿಯಬೇಡಿ, "ಟ್ರಯಲ್" ಎಂದು ಕರೆದರೂ ಬೇಡ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಈಗ ಇಲ್ಲದ ಸಮಸ್ಯೆಯನ್ನು ನಾವೇ ಹುಟ್ಟಿಸಿಕೊಳ್ಳುವ ದಾರಿ ಅದು.

ಕೊನೆಯದಾಗಿ ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟ ನೋಡಿ. ಇಸಿಆರ್ (ವಲಸೆ ತಪಾಸಣೆ ಬೇಕು) ಎಂದು ಅಚ್ಚಾಗಿದ್ದರೆ ಯುಎಇಗೆ ಕೆಲಸದ ವೀಸಾದಲ್ಲಿ ಹೊರಡುವ ಮೊದಲು ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್ ಮೂಲಕ ಕ್ಲಿಯರೆನ್ಸ್ ಬೇಕು, ಇಲ್ಲದಿದ್ದರೆ ಏರ್‌ಪೋರ್ಟಿನಿಂದಲೇ ಮನೆಗೆ ಕಳಿಸುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ, ಅಥವಾ ಮೂರು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದ ದಾಖಲೆ ಇದ್ದರೆ ಆ ಇಸಿಆರ್ ಗುರುತನ್ನೇ ತೆಗೆದುಹಾಕಿಸಬಹುದು. ಇದಕ್ಕೂ ಏಜೆಂಟ್ ಬೇಡ, ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಿ. ಏಜೆಂಟ್ ಮೂಲಕವೇ ಹೋಗುವುದಾದರೆ ಅವನ ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ನಿಮ್ಮವನು ಬರೀ ಬ್ಯಾನಿಗೇ ಅದಕ್ಕಿಂತ ಜಾಸ್ತಿ ಕೇಳಿದ್ದಾನೆ.